ದೂರು ಕೊಡುವ ಹುಡುಗಿಗೆ ಗಡಿ ಅಡ್ಡ ಬರಬಾರದು

ಬೆಳಿಗ್ಗೆ ಹೊತ್ತು ಮಕ್ತಲ್ ಬಸ್ ನಿಲ್ದಾಣದಲ್ಲಿ ನಿಂತು ನೋಡಿ. ಬೆನ್ನಿಗೆ ಬ್ಯಾಗು ಹಾಕಿಕೊಂಡ ಹುಡುಗಿಯರು ಎರಡೂ ದಿಕ್ಕಿಗೆ ಹೊರಟಿರುತ್ತಾರೆ. ಕೆಲವರು ನಾರಾಯಣಪೇಟೆ, ಮಹಬೂಬ್‌ನಗರದ ಕಡೆ. ಇನ್ನು ಕೆಲವರು ಕೃಷ್ಣಾ ಹೊಳೆ ದಾಟಿ, ಶಕ್ತಿನಗರದ ಮೇಲೆ ರಾಯಚೂರಿಗೆ. ಗದ್ವಾಲದವರಿಗೆ 2013ರಿಂದ ರಾಯಚೂರಿಗೆ ರೈಲು ದಾರಿಯೂ ಇದೆ. ಊರು ತೆಲಂಗಾಣ, ಕಾಲೇಜು ಕರ್ನಾಟಕ. ಮನೆಯಲ್ಲಿ ಕನ್ನಡ, ಠಾಣೆಯಲ್ಲಿ ತೆಲುಗು. ಇದು ನಮ್ಮ ಗಡಿ ಭಾಗದ ದಿನನಿತ್ಯದ ಬದುಕು.

ಈ ಹುಡುಗಿಯರಲ್ಲಿ ಒಬ್ಬಳಿಗೆ ದಾರಿಯಲ್ಲೋ, ತರಗತಿಯಲ್ಲೋ, ಹಾಸ್ಟೆಲಿನಲ್ಲೋ ಯಾರಾದರೂ ತೊಂದರೆ ಕೊಟ್ಟರೆ ಅವಳು ಯಾರ ಬಾಗಿಲು ಬಡಿಯಬೇಕು? ಈ ಪ್ರಶ್ನೆಯನ್ನು ಹತ್ತು ಮಂದಿಗೆ ಕೇಳಿ. ಎಷ್ಟು ಮಂದಿ ಥಟ್ಟನೆ ಉತ್ತರ ಹೇಳುತ್ತಾರೆ ನೋಡಿ. ಮನೆಯಲ್ಲಿ ಹೇಳಿದರೆ ಬರುವ ಮೊದಲ ಮಾತು, 'ಸಾಕವ್ವ ಓದಿದ್ದು, ಮನ್ಯಾಗ ಕುಂದ್ರು' ಎಂದು. ಅಂದರೆ ತಪ್ಪು ಮಾಡಿದವನು ಕಾಲೇಜಿಗೆ ಹೋಗುತ್ತಲೇ ಇರುತ್ತಾನೆ, ಓದು ನಿಲ್ಲುವುದು ಹುಡುಗಿಯದು.

ಈ ವಿಷಯದಲ್ಲಿ ನಮ್ಮ ಸೀಮೆ ಸುಮ್ಮನಿರುವ ಹಾಗಿಲ್ಲ. 2019ರ ನವೆಂಬರ್ 27ರ ರಾತ್ರಿ ಹೈದರಾಬಾದಿನ ಶಂಷಾಬಾದ್ ಬಳಿ ಪಶುವೈದ್ಯೆಯೊಬ್ಬರ ಮೇಲೆ ಅತ್ಯಾಚಾರ, ಕೊಲೆ ನಡೆಯಿತು. 'ದಿಶಾ' ಪ್ರಕರಣವೆಂದು ದೇಶಕ್ಕೆಲ್ಲ ಗೊತ್ತಾದ ಘಟನೆ ಅದು. ಲಾರಿ ಕೆಲಸಕ್ಕೆ ಹೋಗುತ್ತಿದ್ದ ನಾಲ್ವರು ಆರೋಪಿಗಳೂ ನಮ್ಮ ಮಕ್ತಲ್ ಮಂಡಲದ ಹಳ್ಳಿಗಳವರು. ಹಾಗಂತ ಆ ಊರುಗಳನ್ನು ಬೈಯುವುದು ಸರಿಯಲ್ಲ, ಅಲ್ಲಿನ ಮಂದಿ ಏನೂ ತಪ್ಪು ಮಾಡಿದವರಲ್ಲ. ಆದರೆ ಆ ಪ್ರಕರಣ ಎರಡು ಪಾಠ ಹೇಳಿತು. ಅವೆರಡನ್ನೂ ನಾವು ಪೂರ್ತಿ ಕಲಿತಿಲ್ಲ.

ಮೊದಲನೆಯದು, ಆ ರಾತ್ರಿ ದೂರು ಹಿಡಿದು ಹೋದ ಮನೆಯವರನ್ನು ಇದು ನಮ್ಮ ಠಾಣೆಯ ವ್ಯಾಪ್ತಿ ಅಲ್ಲ ಎಂದು ಅಲೆದಾಡಿಸಿದರು. ಮೂವರು ಪೊಲೀಸರು ಅಮಾನತಾದರು. ಎರಡನೆಯದು, ಡಿಸೆಂಬರ್ 6ರಂದು ಆ ನಾಲ್ವರೂ ಪೊಲೀಸರ ಗುಂಡಿಗೆ ಬಲಿಯಾದರು. ಆಗ ಹೂವು ಎರಚಿದವರಿದ್ದಾರೆ, ಸಿಹಿ ಹಂಚಿದವರಿದ್ದಾರೆ. ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ವಿ.ಎಸ್. ಸಿರ್ಪುರ್ಕರ್ ಆಯೋಗದ ವರದಿ 2022ರ ಮೇ ತಿಂಗಳಲ್ಲಿ ಬಹಿರಂಗವಾಯಿತು. ಗುಂಡು ಹಾರಿಸಿದ್ದು ಕೊಲ್ಲುವ ಉದ್ದೇಶದಿಂದಲೇ ಎಂದು ಆಯೋಗ ಹೇಳಿತು. ನಾಲ್ವರಲ್ಲಿ ಮೂವರು ಅಪ್ರಾಪ್ತರಾಗಿದ್ದರು ಎಂದೂ ಹೇಳಿತು. ಕೋರ್ಟಿನಲ್ಲಿ ವಿಚಾರಣೆ ನಡೆಯಲೇ ಇಲ್ಲ, ಸತ್ಯ ಏನೆಂದು ತೀರ್ಮಾನವಾಗಲೇ ಇಲ್ಲ. ಗುಂಡಿನ ಸದ್ದಿಗೆ ಚಪ್ಪಾಳೆ ತಟ್ಟಿ ನಮ್ಮ ಕರ್ತವ್ಯ ಮುಗಿಯಿತೆಂದುಕೊಂಡೆವು. ಹೆಣ್ಣುಮಕ್ಕಳಿಗೆ ಬೇಕಾದದ್ದು ಗುಂಡಲ್ಲ. ಮೊದಲು ಬಡಿದ ಬಾಗಿಲೇ ತೆರೆಯಬೇಕು, ಅಷ್ಟೆ.

ಆ ಬಾಗಿಲು ಕಾಲೇಜಿನೊಳಗೇ ಇರಬೇಕು ಎನ್ನುತ್ತದೆ ಕಾನೂನು. 1997ರ ವಿಶಾಖಾ ತೀರ್ಪು, ಅದರ ಬೆನ್ನಿಗೆ 2013ರ ಕಾಯ್ದೆ, ಆಮೇಲೆ ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2015ರ ನಿಯಮಾವಳಿ. ಇವುಗಳ ಪ್ರಕಾರ ಪ್ರತಿ ವಿಶ್ವವಿದ್ಯಾಲಯ, ಪ್ರತಿ ಕಾಲೇಜಿನಲ್ಲಿ ಆಂತರಿಕ ದೂರು ಸಮಿತಿ ಇರಲೇಬೇಕು. ಹಿರಿಯ ಮಹಿಳಾ ಅಧ್ಯಾಪಕಿ ಅದರ ಅಧ್ಯಕ್ಷೆ. ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ ಮಹಿಳೆಯರು. ಹೊರಗಿನ ಸಂಸ್ಥೆಯ ಒಬ್ಬರು. ವಿದ್ಯಾರ್ಥಿಗಳ ವಿಷಯವಾದರೆ ಚುನಾಯಿತ ವಿದ್ಯಾರ್ಥಿ ಪ್ರತಿನಿಧಿಗಳು ಮೂವರು. ಕುಲಪತಿ, ಕುಲಸಚಿವ, ಡೀನ್, ವಿಭಾಗದ ಮುಖ್ಯಸ್ಥ ಇಂಥ ದೊಡ್ಡ ಕುರ್ಚಿಯವರು ಸಮಿತಿಯಲ್ಲಿ ಇರುವಂತಿಲ್ಲ. ಹೆಣ್ಣುಮಕ್ಕಳಷ್ಟೇ ಅಲ್ಲ, ಗಂಡು ವಿದ್ಯಾರ್ಥಿಗಳು, ತೃತೀಯ ಲಿಂಗಿಗಳೂ ಕಿರುಕುಳಕ್ಕೆ ಒಳಗಾಗುತ್ತಾರೆ ಎಂಬುದನ್ನು ಈ ನಿಯಮಾವಳಿ ಒಪ್ಪಿಕೊಂಡಿದೆ.

ಘಟನೆ ನಡೆದ ಮೂರು ತಿಂಗಳೊಳಗೆ ದೂರು ಕೊಡಬೇಕು. ಸರಿಯಾದ ಕಾರಣವಿದ್ದರೆ ಇನ್ನೂ ಮೂರು ತಿಂಗಳು ಅವಕಾಶವಿದೆ. 90 ದಿನದಲ್ಲಿ ವಿಚಾರಣೆ ಮುಗಿಯಬೇಕು. ವರದಿ ಕೈಸೇರಿದ 30 ದಿನದಲ್ಲಿ ಆಡಳಿತ ಕ್ರಮ ಕೈಗೊಳ್ಳಬೇಕು. ಬರೆಯಲು ಆಗದಿದ್ದರೆ ಬರೆಸಿಕೊಳ್ಳುವುದು ಸಮಿತಿಯದೇ ಕೆಲಸ. ಕಾಲೇಜಿನ ಬಸ್ಸು, ಶೈಕ್ಷಣಿಕ ಪ್ರವಾಸ, ಶಿಬಿರ ಇವೆಲ್ಲ ಕ್ಯಾಂಪಸ್ಸಿನ ಲೆಕ್ಕಕ್ಕೇ ಬರುತ್ತವೆ.

ಹಾಗಾದರೆ ಕಾಗದದ ಮೇಲೆ ಎಲ್ಲ ಸರಿಯಾಗೇ ಇದೆಯಲ್ಲ ಎನ್ನಬಹುದು. ಒಡಿಶಾದ ಬಾಲಸೋರಿನ ಕಾಲೇಜನ್ನು ನೆನೆಯಿರಿ. ಅಲ್ಲಿಯೂ ಸಮಿತಿ ಇತ್ತು. ವಿಭಾಗದ ಮುಖ್ಯಸ್ಥನ ಮೇಲೆ ವಿದ್ಯಾರ್ಥಿನಿ ದೂರು ಕೊಟ್ಟಿದ್ದಳು. ನ್ಯಾಯ ಸಿಗದೆಂದು 2025ರ ಜುಲೈ 12ರಂದು ಕಾಲೇಜಿನ ಆವರಣದಲ್ಲೇ ಬೆಂಕಿ ಹಚ್ಚಿಕೊಂಡಳು, ಎರಡು ದಿನಕ್ಕೆ ತೀರಿಕೊಂಡಳು. ವಿಭಾಗದ ಮುಖ್ಯಸ್ಥ, ಪ್ರಾಂಶುಪಾಲ ಇಬ್ಬರೂ ಬಂಧಿತರಾದದ್ದು ಗಲಾಟೆ ಎದ್ದ ಮೇಲೆ. ಸಮಿತಿ ಇದೆ ಎಂಬ ಬೋರ್ಡು ಬೇರೆ, ಸಮಿತಿಯ ಮೇಲೆ ಹುಡುಗಿಗೆ ನಂಬಿಕೆ ಬರುವುದು ಬೇರೆ.

ಆ ನಂಬಿಕೆ ಬರುವುದು ಅವಳ ಮೊದಲ ಮಾತನ್ನು ನಾವು ಹೇಗೆ ಕೇಳಿಸಿಕೊಳ್ಳುತ್ತೇವೆ ಎಂಬುದರ ಮೇಲೆ. 'ನೀ ಯಾಕ್ ಅಲ್ಲಿ ಹೋಗಿದ್ದಿ', 'ಆ ಹೊತ್ತಿನ್ಯಾಗ ಫೋನ್ ಯಾಕ್ ಎತ್ತಿದ್ದಿ' ಎಂದರೆ ಅವಳು ಬಾಯಿ ಮುಚ್ಚಿಕೊಳ್ಳುತ್ತಾಳೆ. 'ನಿಂದೇನ್ ತಪ್ಪಿಲ್ಲವ್ವ, ಹೇಳು' ಎಂದರೆ ಅರ್ಧ ಭಾರ ಇಳಿಯುತ್ತದೆ. ಮುಂದೆ ಏನು ಮಾಡಬೇಕೆಂದು ತೀರ್ಮಾನಿಸುವವಳು ಅವಳು, ನಾವಲ್ಲ. ಅವಳ ಹೆಸರು ಊರಿಗೆ ಗೊತ್ತಾಗಬಾರದು. ಅತ್ಯಾಚಾರದ ಸಂತ್ರಸ್ತೆಯ ಗುರುತು ಬಯಲು ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನ ಪ್ರಕಾರ ಅಪರಾಧ. ವಾಟ್ಸ್ಆ್ಯಪಿನಲ್ಲಿ ಫೋಟೊ ಹಾಕಿ 'ನ್ಯಾಯ ಬೇಕು' ಎನ್ನುವವರಿಗೂ ಇದು ಅನ್ವಯಿಸುತ್ತದೆ.

ಓದು ನಿಲ್ಲದಂತೆ ನೋಡಿಕೊಳ್ಳುವ ದಾರಿಯೂ ನಿಯಮಾವಳಿಯಲ್ಲೇ ಇದೆ. ವಿಚಾರಣೆ ನಡೆಯುವಾಗ ಆರೋಪಿ ಅಧ್ಯಾಪಕ ಅವಳ ಉತ್ತರ ಪತ್ರಿಕೆ ನೋಡದಂತೆ ತಡೆಯಬಹುದು. ಒಬ್ಬರನ್ನು ಬೇರೆ ವಿಭಾಗಕ್ಕೆ ಕಳಿಸಬಹುದು. ಅವಳಿಗೆ ಮೂರು ತಿಂಗಳವರೆಗೆ ರಜೆ ಕೊಡಬಹುದು. ದೂರ ಇರಬೇಕೆಂದು ಆರೋಪಿಗೆ ತಾಕೀತು ಮಾಡಬಹುದು. ಇವನ್ನು ಕೇಳಿ ಪಡೆಯುವುದು ಹಕ್ಕು, ಯಾರ ಮುಲಾಜೂ ಅಲ್ಲ.

ಮೈಮೇಲೆ ಹಲ್ಲೆಯಾಗಿದ್ದರೆ ಮೊದಲು ಆಸ್ಪತ್ರೆ. ಸರ್ಕಾರಿ ಇರಲಿ, ಖಾಸಗಿ ಇರಲಿ, ಅತ್ಯಾಚಾರ ಸಂತ್ರಸ್ತೆಗೆ ತಕ್ಷಣ, ಉಚಿತವಾಗಿ ಚಿಕಿತ್ಸೆ ಕೊಡಬೇಕು, ಇಲ್ಲವೆನ್ನುವಂತಿಲ್ಲ. ಸಖಿ ಕೇಂದ್ರದಲ್ಲಿ ಚಿಕಿತ್ಸೆ, ಆಪ್ತಸಮಾಲೋಚನೆ, ವಕೀಲರ ನೆರವು, ತಾತ್ಕಾಲಿಕ ವಸತಿ ಒಂದೇ ಕಡೆ ಸಿಗಬೇಕೆಂಬುದು 2015ರಿಂದ ಇರುವ ಯೋಜನೆ. 181 ಮಹಿಳಾ ಸಹಾಯವಾಣಿ, 112 ತುರ್ತು ಸಂಖ್ಯೆ. ಉಚಿತ ವಕೀಲರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ, ಅದರ ಸಂಖ್ಯೆ 15100. ಹೆಣ್ಣುಮಕ್ಕಳಿಗೆ ಈ ನೆರವು ಪಡೆಯಲು ಆದಾಯದ ಮಿತಿ ಇಲ್ಲ.

ಇನ್ನು ಗಡಿಯ ಮಾತಿಗೆ ಬರೋಣ. ರಾಯಚೂರಿನಿಂದ ಬರುವ ಬಸ್ಸಿನಲ್ಲಿ ಘಟನೆ ನಡೆದು, ಹುಡುಗಿ ಮಕ್ತಲ್ ಠಾಣೆಗೆ ಹೋದರೆ 'ಇದು ಕರ್ನಾಟಕದ್ದು, ಅಲ್ಲಿಗೆ ಹೋಗಮ್ಮ' ಎನ್ನುವಂತಿಲ್ಲ. ರಾಯಚೂರಿನವರು 'ನಿಮ್ಮೂರಿನ ಠಾಣೆಗೆ ಹೋಗ್ರಿ' ಎನ್ನುವಂತೆಯೂ ಇಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ದಾಖಲಿಸಬಹುದು. ಇದನ್ನೇ ಜೀರೊ ಎಫ್‌ಐಆರ್ ಎನ್ನುವುದು. ದೂರಿನ ಪ್ರತಿಯನ್ನು ಪುಕ್ಕಟೆ ಕೊಡಬೇಕು. ಅತ್ಯಾಚಾರದಂಥ ಗಂಭೀರ ಲೈಂಗಿಕ ಅಪರಾಧದ ದೂರು ಬರೆದುಕೊಳ್ಳದ ಪೊಲೀಸರಿಗೆ ಜೈಲು ಶಿಕ್ಷೆಯೂ ಇದೆ. ಠಾಣೆಯವರು ಒಪ್ಪದಿದ್ದರೆ ಎಸ್ಪಿಯವರಿಗೆ ಅಂಚೆಯಲ್ಲಿ ದೂರು ಕಳಿಸಬಹುದು. 2019ರಲ್ಲಿ ಒಂದೇ ಊರಿನ ಎರಡು ಠಾಣೆಗಳ ನಡುವೆ ಅಲೆದಾಟವಾಗಿದ್ದರೆ, ನಮ್ಮಲ್ಲಿ ನಡುವೆ ಇರುವುದು ಎರಡು ರಾಜ್ಯ. ಆದ್ದರಿಂದ ನಾರಾಯಣಪೇಟೆ, ಜೋಗುಳಾಂಬ ಗದ್ವಾಲ, ರಾಯಚೂರು, ಯಾದಗಿರಿ ಜಿಲ್ಲೆಗಳ ಪೊಲೀಸರು ಕೂತು ಮಾತಾಡಿ, ಒಂದು ಸಂಪರ್ಕ ವ್ಯವಸ್ಥೆ ಮಾಡಿಕೊಳ್ಳಬೇಕು. ಗಡಿ ಊರುಗಳ ಠಾಣೆ, ಕಾಲೇಜುಗಳಲ್ಲಿ ಫಲಕ ತೆಲುಗು, ಕನ್ನಡ ಎರಡರಲ್ಲೂ ಇರಬೇಕು. ಕನ್ನಡ ಮಾಧ್ಯಮದಲ್ಲಿ ಕಲಿತ ಹುಡುಗಿ ತನ್ನ ನೋವನ್ನು ಬರದ ಭಾಷೆಯಲ್ಲಿ ಬರೆಯಬೇಕೆಂದರೆ ಹೇಗೆ?

ಇಂಟರ್ ಓದುವ ಮಕ್ಕಳ ಮಾತು ಇನ್ನೂ ಬೇರೆ. 18 ತುಂಬದವರಾದರೆ 2012ರ ಪೋಕ್ಸೊ ಕಾಯ್ದೆ ಬರುತ್ತದೆ. ವಿಷಯ ಗೊತ್ತಾದ ಮೇಲೆ ಪೊಲೀಸರಿಗೆ ತಿಳಿಸದೆ ಕಾಲೇಜಿನ ಕೋಣೆಯಲ್ಲೋ, ಊರ ಕಟ್ಟೆಯ ಮೇಲೋ ರಾಜಿ ಮಾಡಿಸಿದರೆ ಅದೂ ಅಪರಾಧವೇ.

ಇದೆಲ್ಲ ನಡೆದ ಮೇಲಿನ ಮಾತು. ನಡೆಯದಂತೆ ತಡೆಯುವುದು ಹೇಗೆ? 2024ರ ಏಪ್ರಿಲ್ 18ರಂದು ಹುಬ್ಬಳ್ಳಿಯ ಕಾಲೇಜು ಆವರಣದಲ್ಲಿ ಹಗಲು ಹೊತ್ತಿನಲ್ಲೇ ವಿದ್ಯಾರ್ಥಿನಿಯ ಕೊಲೆಯಾಯಿತು. ಆರೋಪಿ ಹಿಂದೆ ಅಲ್ಲೇ ಓದಿದ್ದವನು. ಆಮೇಲಿನ ಚರ್ಚೆಯೆಲ್ಲ ಪಕ್ಷ, ಧರ್ಮಗಳ ಜಗಳಕ್ಕೆ ಹೊರಳಿತು. 'ಬೇಡ' ಎಂದರೆ ಬೇಡ ಎಂದು ನಮ್ಮ ಗಂಡು ಹುಡುಗರಿಗೆ ಯಾರು, ಯಾವಾಗ ಹೇಳಿಕೊಡುತ್ತಾರೆ ಎಂಬ ಪ್ರಶ್ನೆ ಹಾಗೇ ಉಳಿಯಿತು. ಸಿನಿಮಾದಲ್ಲಿ ನಾಯಕ ಹಿಂದೆ ಬೀಳುತ್ತಾನೆ, ಕಡೆಗೆ ನಾಯಕಿ ಒಲಿಯುತ್ತಾಳೆ. ಹುಡುಗಿ ಬೇಡವೆಂದ ಮೇಲೂ ಹಿಂದೆ ಬೀಳುವುದು, ಮೇಲಿಂದ ಮೇಲೆ ಮೆಸೇಜು ಕಳಿಸುವುದು 78ನೇ ಕಲಮಿನ ಅಪರಾಧ ಎಂದು ಪ್ರಥಮ ವರ್ಷದ ಮೊದಲ ವಾರವೇ ತರಗತಿಯಲ್ಲಿ ಹೇಳಬೇಕು. ಕನ್ನಡದಲ್ಲೂ ತೆಲುಗಿನಲ್ಲೂ ಹೇಳಬೇಕು. ಇದು ಹುಡುಗಿಯರನ್ನು ಕೂರಿಸಿ ಹೇಳುವ ಬುದ್ಧಿಮಾತಲ್ಲ, ಹುಡುಗರಿಗೆ ಬೇಕಾದ ಪಾಠ.

ಇನ್ನೊಂದು ಮಾತು. ರಕ್ಷಣೆ ಎಂದರೆ ಹಾಸ್ಟೆಲಿಗೆ ಆರು ಗಂಟೆಗೆ ಬೀಗ ಎನ್ನುವ ತಿಳಿವಳಿಕೆ ನಮ್ಮಲ್ಲಿದೆ. ಸುರಕ್ಷತೆಯ ನೆಪದಲ್ಲಿ ಹುಡುಗರಿಗಿಲ್ಲದ ನಿರ್ಬಂಧವನ್ನು ಹುಡುಗಿಯರ ಮೇಲೆ ಹೇರಬಾರದು ಎಂದು ಅದೇ 2015ರ ನಿಯಮಾವಳಿ ಸ್ಪಷ್ಟವಾಗಿ ಹೇಳಿದೆ. ಬೇಕಾದದ್ದು ದಾರಿದೀಪ, ಸರಿಯಾದ ಹೊತ್ತಿಗೆ ಬಸ್ಸು, ಆಪ್ತಸಮಾಲೋಚಕರು.

2008ರಲ್ಲಿ ಪಾಲಮೂರು ವಿಶ್ವವಿದ್ಯಾಲಯ ಬಂತು, ಗದ್ವಾಲದಲ್ಲಿ ಅದರ ಸ್ನಾತಕೋತ್ತರ ಕೇಂದ್ರವಾಯಿತು. 2024ರಲ್ಲಿ ನಾರಾಯಣಪೇಟೆಗೂ ಗದ್ವಾಲಕ್ಕೂ ಸರ್ಕಾರಿ ವೈದ್ಯಕೀಯ ಕಾಲೇಜು ಬಂದವು. ಅಜ್ಜಿ ಸಹಿ ಹಾಕಲು ಬಾರದ ಮನೆಯಿಂದ ಮೊಮ್ಮಗಳು ಡಾಕ್ಟರಾಗಲು ಹೊರಟ ಕಾಲ ಇದು. ಆದ್ದರಿಂದ ಈ ಸಲ ಪ್ರವೇಶಕ್ಕೆಂದು ಮಗಳ ಜೊತೆ ಕಾಲೇಜಿಗೆ ಹೋದಾಗ ಫೀಸು ಎಷ್ಟೆಂದು ಕೇಳುವ ತಂದೆ ತಾಯಿ ಇನ್ನೂ ಮೂರು ಪ್ರಶ್ನೆ ಕೇಳಲಿ. ದೂರು ಸಮಿತಿಯಲ್ಲಿ ಯಾರ್ಯಾರಿದ್ದಾರೆ? ಅವರ ಫೋನ್ ನಂಬರು ಗೋಡೆಯ ಮೇಲೆ ಇದೆಯೇ? ಹೋದ ವರ್ಷ ಸಮಿತಿ ಎಷ್ಟು ಸಲ ಸಭೆ ಸೇರಿತ್ತು? ಉತ್ತರ ಸಿಗದಿದ್ದರೆ ಕಲೆಕ್ಟರಿಗೆ ಒಂದು ಅರ್ಜಿ ಬರೆಯಿರಿ. ಜೊತೆಗೆ ಮನೆಯಲ್ಲಿ ಮಗಳಿಗೆ ಒಂದು ಮಾತು ಹೇಳಿಡಿ: 'ಏನೇ ಆದ್ರೂ ಬಂದು ಹೇಳವ್ವ, ನಿನ್ನ ಓದು ನಿಲ್ಸಂಗಿಲ್ಲ.'