ತರಬೇತಿ ಯಾರಿಗೆ? ಯಂತ್ರ ಎಲ್ಲಿಗೆ?

ವೃತ್ತಿಯಲ್ಲಿರುವ ವೈದ್ಯರಿಗೆ ಸ್ತನದ ಮ್ಯಾಮೋಗ್ರಫಿ, ಸೋನೋಗ್ರಫಿಗಳಲ್ಲಿ ಕೆಲವೇ ದಿನಗಳ ಪ್ರಾತ್ಯಕ್ಷಿಕ ತರಬೇತಿ ಕೊಡುವ ಏರ್ಪಾಡುಗಳು ದೊಡ್ಡ ಪಟ್ಟಣಗಳಲ್ಲಿ ನಡೆಯುತ್ತವೆ. ಒಳ್ಳೆಯದೇ. ವಿದ್ಯೆ ಯಾರಿಗೆ ಬೇಡ? ಆದರೆ ನಮ್ಮದೊಂದು ಸರಳ ಪ್ರಶ್ನೆಯಿದೆ. ಶುಲ್ಕ ಕಟ್ಟಿ ಕಲಿತು ಬರುವ ವೈದ್ಯರು ಯಾರ ಎದೆಯ ಗಂಟನ್ನು ನೋಡುತ್ತಾರೆ? ಫೀಜು ತೆರಬಲ್ಲವರದನ್ನೊ, ದೇವದುರ್ಗದ ಹತ್ತಿ ಹೊಲದಲ್ಲಿ ದುಡಿಯುವ ಕೂಲಿ ಹೆಂಗಸಿನದನ್ನೊ?

2022ರಲ್ಲಿ ಭಾರತದಲ್ಲಿ ಸುಮಾರು 1,92,000 ಹೆಂಗಸರಿಗೆ ಹೊಸದಾಗಿ ಸ್ತನ ಕ್ಯಾನ್ಸರ್ ಕಂಡುಬಂತು. ಅದೇ ವರ್ಷ ಸುಮಾರು 98,000 ಹೆಂಗಸರು ಅದರಿಂದ ಸತ್ತರು ಎಂದು ಅಂತಾರಾಷ್ಟ್ರೀಯ ಅಂದಾಜು. ಇಬ್ಬರು ಹೊಸ ರೋಗಿಗಳಿಗೆ ಒಂದು ಹೆಣ! ಇಡೀ ಜಗತ್ತಿನ ಲೆಕ್ಕ ತೆಗೆದರೆ 23 ಲಕ್ಷ ಹೊಸ ರೋಗಿಗಳಿಗೆ 6,70,000 ಸಾವು, ಅಂದರೆ ಮೂವರಿಗೆ ಒಂದೂ ಇಲ್ಲ. ನಮ್ಮ ಹೆಂಗಸರು ಹೆಚ್ಚು ಸಾಯುವುದು ಬಹುಪಾಲು ಅವರ ರೋಗ ತಡವಾಗಿ ಗೊತ್ತಾಗುವುದರಿಂದ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 30ರಿಂದ 49 ವಯಸ್ಸಿನ ಹೆಂಗಸರಲ್ಲಿ ಒಮ್ಮೆಯಾದರೂ ಸ್ತನ ಪರೀಕ್ಷೆ ಮಾಡಿಸಿಕೊಂಡವರು ನೂರಕ್ಕೆ 0.9 ಮಾತ್ರ.

ರೋಗಿ ಮೊದಲ ಸಲ ಬಂದ 60 ದಿನಗಳೊಳಗೆ ರೋಗನಿರ್ಣಯ ಆಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಗುರಿ ಹಾಕಿದೆ. ಗಬ್ಬೂರಿನ ಅಥವಾ ಕುರ್ಡಿಯ ಒಬ್ಬ ಕೂಲಿ ಹೆಂಗಸಿನ ದಾರಿಯನ್ನು ಈ ಗುರಿಯ ಪಕ್ಕದಲ್ಲಿಟ್ಟು ನೋಡಿರಿ. ಗಂಟು ನೋಯುವುದಿಲ್ಲ, ಆದ್ದರಿಂದ ಸುಗ್ಗಿ ಮುಗಿಯಲಿ ಎಂದು ಸುಮ್ಮನಿರುತ್ತಾಳೆ. ಆಮೇಲೆ ಹತ್ತಿರದ ದವಾಖಾನೆ, ಅಲ್ಲಿಂದ ದೇವದುರ್ಗ ಅಥವಾ ಮಾನ್ವಿ, ಅಲ್ಲಿಂದ ರಾಯಚೂರು, ಅಲ್ಲಿಂದ ನಾನೂರು ಕಿಲೋಮೀಟರು ದೂರದ ಬೆಂಗಳೂರಿನ ಕಿದ್ವಾಯಿ. ಒಂದೊಂದು ಸಲ ಹೊರಟಾಗಲೂ ಅವಳ ಕೂಲಿ ಹೋಯಿತು, ಜೊತೆಗೆ ಬಂದವರ ಕೂಲಿಯೂ ಹೋಯಿತು. ಹೀಗೆ ಅಲೆಯುವವಳಿಗೆ ಅರವತ್ತು ದಿನ ಎಲ್ಲಿಯ ಲೆಕ್ಕ?

ಈ ದಾರಿಯ ಮೊದಲ ಎರಡು ಮೆಟ್ಟಿಲುಗಳಲ್ಲಿಯೇ ಬಲ್ಲ ಕೈಗಳಿದ್ದರೆ ಅರ್ಧ ತಡ ತಪ್ಪುತ್ತದೆ. ಅಲ್ಪಾವಧಿಯ ತರಬೇತಿಯ ನಿಜವಾದ ಉಪಯೋಗ ಇಲ್ಲಿದೆ. ಮುಂಬಯಿಯಲ್ಲಿ ಟಾಟಾ ಆಸ್ಪತ್ರೆಯವರು ಒಂದೂವರೆ ಲಕ್ಷ ಹೆಂಗಸರಲ್ಲಿ ಇಪ್ಪತ್ತು ವರ್ಷ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೋಡಿರಿ. ತರಬೇತಾದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷೆ ಮಾಡಿದ್ದರಿಂದಲೇ ರೋಗ ಮೊದಲ ಹಂತಗಳಲ್ಲಿ ಸಿಕ್ಕಿತು. ಐವತ್ತು ದಾಟಿದ ಹೆಂಗಸರಲ್ಲಿ ಸಾವು ನೂರಕ್ಕೆ ಸುಮಾರು ಮೂವತ್ತರಷ್ಟು ಇಳಿಯಿತು. ಕಾರ್ಯಕರ್ತೆಯರ ಕೈಯಿಂದ ಇಷ್ಟು ಆಗುವುದಾದರೆ ವೈದ್ಯರ ಕೈಯಿಂದ ಏಕೆ ಆಗಬಾರದು?

ಐದು ದಿನದಲ್ಲಿ ಪರಿಣತರಾಗುತ್ತಾರೆಯೆ ಎಂದು ಕೆಲವರು ನಗುತ್ತಾರೆ. ಆಗುವುದಿಲ್ಲ, ಆಗುತ್ತಾರೆಂದು ಹೇಳಿ ಪ್ರಮಾಣಪತ್ರ ಮಾರುವವರನ್ನು ನಾವೂ ವಿರೋಧಿಸುತ್ತೇವೆ. ಅಮೆರಿಕದಲ್ಲಿ 1992ರ ಕಾನೂನಿನ ಅಡಿಯ ನಿಯಮಗಳಂತೆ, ಮ್ಯಾಮೋಗ್ರಾಂ ಓದಲು ಹೊರಡುವ ವೈದ್ಯರು ಮೊದಲು ಪರಿಣತರ ಕಣ್ಣಮುಂದೆ 240 ಹೆಂಗಸರ ಚಿತ್ರಗಳನ್ನು ಓದಿರಬೇಕು. ಆಮೇಲೆ ಎರಡು ವರ್ಷಕ್ಕೆ 960ರಂತೆ ಓದುತ್ತಲೇ ಇರಬೇಕು. ಕಪ್ಪು ಹಲಗೆಯ ಮೇಲೆ ಈಜು ಬರೆದು ತೋರಿಸಿ ಹುಡುಗನನ್ನು ಕೃಷ್ಣೆಗೆ ಇಳಿಸುವ ಮೇಷ್ಟ್ರನ್ನು ಯಾರು ಒಪ್ಪುತ್ತಾರೆ?

ಆದರೆ ತಾಲ್ಲೂಕಿನ ವೈದ್ಯರು ಮ್ಯಾಮೋಗ್ರಾಂ ಓದಬೇಕಾಗಿಲ್ಲ. ಅದು ರಾಯಚೂರಿನ ಕ್ಷಕಿರಣ ತಜ್ಞರ ಕೆಲಸ. ತಾಲ್ಲೂಕಿನವರು ಕಲಿಯಬೇಕಾದದ್ದು ಬೇರೆ. ಎರಡೂ ಸ್ತನಗಳನ್ನೂ ಕಂಕುಳನ್ನೂ ಕ್ರಮವಾಗಿ ಮುಟ್ಟಿ ನೋಡುವುದು. ಗಂಟಿನಲ್ಲಿ ನೀರಿದೆಯೋ ಗಟ್ಟಿಯಿದೆಯೋ ಎಂದು ಸೋನೋಗ್ರಫಿಯಲ್ಲಿ ಗುರುತಿಸುವುದು. ವರದಿಯ ಕೊನೆಯಲ್ಲಿರುವ 0ಯಿಂದ 6ರ ವರೆಗಿನ ಅಂಕಿಯ ಅರ್ಥ ತಿಳಿಯುವುದು. 0 ಎಂದರೆ ರೋಗವಿಲ್ಲ ಎಂದಲ್ಲ, ಪರೀಕ್ಷೆ ಪೂರ್ತಿಯಾಗಿಲ್ಲ ಎಂದು. 4, 5 ಎಂದರೆ ಸೂಜಿಯಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಲೇಬೇಕು ಎಂದು. ಇಷ್ಟು ತಿಳಿಯದೆ ಎಷ್ಟು ವರದಿಗಳು ಟ್ರಂಕಿನಲ್ಲಿ ಬಿದ್ದಿರಬಹುದು!

ನಮ್ಮ ದೇಶದಲ್ಲಿ ಈ ರೋಗ ಪಶ್ಚಿಮಕ್ಕಿಂತ ಸುಮಾರು ಹತ್ತು ವರ್ಷ ಎಳೆಯ ವಯಸ್ಸಿನಲ್ಲಿ ಬರುತ್ತದೆ. ಎಳೆಯ ಸ್ತನ ದಟ್ಟವಾಗಿರುತ್ತದೆ. ಮ್ಯಾಮೋಗ್ರಾಂನಲ್ಲಿ ಅದೂ ಬಿಳಿ, ಗಂಟೂ ಬಿಳಿ. ಹತ್ತಿಯ ರಾಶಿಯಲ್ಲಿ ಬಿಳಿಯ ಕಾಳು ಹುಡುಕಿದ ಹಾಗೆ. ಅಂಥಲ್ಲಿ ಸೋನೋಗ್ರಫಿಯೇ ಕಣ್ಣು. ಆದರೆ ಈ ಯಂತ್ರಕ್ಕೆ 1994ರ ಭ್ರೂಣಲಿಂಗ ಪತ್ತೆ ತಡೆ ಕಾನೂನಿನ ಕಟ್ಟುಪಾಡಿದೆ: ನೋಂದಣಿಯಾಗಬೇಕು, ಅರ್ಹತೆಯುಳ್ಳವರೇ ಬಳಸಬೇಕು. ಹೆಣ್ಣುಕೂಸನ್ನು ಉಳಿಸುವ ಆ ಕಾನೂನು ಎಳ್ಳಷ್ಟೂ ಸಡಿಲವಾಗಬಾರದು. ವಾರದ ಪ್ರಮಾಣಪತ್ರದಿಂದ ಆ ಅರ್ಹತೆ ಬರುವುದಿಲ್ಲ. ಆದ್ದರಿಂದ ಕಾನೂನಿನಂತೆ ಅರ್ಹರಾದವರನ್ನೇ ಆರಿಸಿ ಸ್ತನದ ಸೋನೋಗ್ರಫಿ ಕಲಿಸಲಿ. ಉಳಿದವರಿಗೆ ಕೈಪರೀಕ್ಷೆಯನ್ನೂ ವರದಿಯ ಅರ್ಥವನ್ನೂ ಕಲಿಸಲಿ.

ಹೆಂಗಸರು ನಾಚಿಕೊಂಡು ಬರುವುದಿಲ್ಲ ಎಂಬ ನೆಪ ಬೇರೆ! ಪರದೆಯಿಲ್ಲದ ಕೋಣೆ, ಹೆಣ್ಣು ವೈದ್ಯರಿಲ್ಲದ ದವಾಖಾನೆ, ಬರಲಿ ಹೇಗೆ?

ಕಲಿಸಲು ಸ್ಥಳವಿಲ್ಲವೆನ್ನಬೇಡಿ. ರಾಯಚೂರಿನಲ್ಲಿ 2007ರಿಂದ ಸರಕಾರಿ ವೈದ್ಯಕೀಯ ವಿದ್ಯಾಲಯವಿದೆ. ಒಪೆಕ್ ನೆರವಿನಿಂದ ಎದ್ದ ದೊಡ್ಡ ಆಸ್ಪತ್ರೆಯಿದೆ. ಅದನ್ನು ಮೊದಲು ಖಾಸಗಿಯವರ ಆಡಳಿತಕ್ಕೆ ಒಪ್ಪಿಸಿದ್ದನ್ನು ಜನ ಮರೆತಿಲ್ಲ. ನಂಜುಂಡಪ್ಪ ಸಮಿತಿ 2002ರಲ್ಲಿಯೇ ದೇವದುರ್ಗವನ್ನು ಅತ್ಯಂತ ಹಿಂದುಳಿದ ತಾಲ್ಲೂಕೆಂದು ಬರೆಯಿತು. 371ಜೆ ಬಂತು, ‘ಹೈದರಾಬಾದ್ ಕರ್ನಾಟಕ’ 2019ರಲ್ಲಿ ‘ಕಲ್ಯಾಣ ಕರ್ನಾಟಕ’ವಾಯಿತು. ಏಮ್ಸ್ ಬೇಕೆಂದು ರಾಯಚೂರಿನ ಜನ 2022ರ ಮೇ ತಿಂಗಳಲ್ಲಿ ಧರಣಿ ಕೂತರು. ಹೆಸರು ಬದಲಾದರೆ ಗಂಟು ಕರಗುತ್ತದೆಯೆ?

ನಾವು ಆಗ್ರಹಪಡಿಸುವುದು ಇಷ್ಟು:

1. ತರಬೇತಿ ರಾಯಚೂರಿನ ಸರಕಾರಿ ಆಸ್ಪತ್ರೆಯಲ್ಲಿಯೇ, ಶುಲ್ಕವಿಲ್ಲದೆ, ನಿಜವಾದ ರೋಗಿಗಳ ನಡುವೆ, ಅವರ ಒಪ್ಪಿಗೆ ಪಡೆದು ನಡೆಯಲಿ.

2. ದೇವದುರ್ಗ, ಮಾನ್ವಿಯ ಸರಕಾರಿ ವೈದ್ಯರಿಗೆ, ಹೆಣ್ಣು ವೈದ್ಯರಿಗೆ ಮೊದಲು, ಸಂಬಳಸಹಿತ ಬಿಡುವು ಕೊಟ್ಟು ಕಳಿಸಲಿ. ಅವರ ಜಾಗಕ್ಕೆ ಬದಲಿ ವೈದ್ಯರು ಬರಲಿ.

3. ಕಲಿತವರು ವರ್ಷವಿಡೀ ತಿಂಗಳಿಗೊಮ್ಮೆ ಬಂದು ತಜ್ಞರ ಪಕ್ಕದಲ್ಲಿ ಕೂತು ತಾವು ನೋಡಿದ್ದನ್ನು ತಾಳೆ ನೋಡಲಿ. ಕಲಿತ ಕೂಡಲೆ ಬೇರೆಡೆಗೆ ವರ್ಗ ಮಾಡಬಾರದು.

4. ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಎದೆಗಂಟಿನ ಪರೀಕ್ಷೆ. ಅನುಮಾನವಿದ್ದವರಿಗೆ ರಾಯಚೂರಿನಲ್ಲಿ ಮ್ಯಾಮೋಗ್ರಾಂ, ಸೂಜಿ ಪರೀಕ್ಷೆ ಒಂದೇ ದಿನ. ಬಸ್ಸಿನ ಖರ್ಚು, ಕೂಲಿಯ ಪರಿಹಾರ ಸರಕಾರದ್ದು.

ಕೊನೆಯದು ಭಿಕ್ಷೆಯಲ್ಲ. ಬೆಂಗಳೂರಿಗೆ ತಡವಾಗಿ ಹೊತ್ತೊಯ್ಯುವ ರೋಗಿಯ ಔಷಧಕ್ಕೆ ಸುರಿಯುವ ದುಡ್ಡಿನ ಮುಂದೆ ಇದೇನು ದೊಡ್ಡದು?

ಓದುಗರೇ, ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಆರೋಗ್ಯ ರಕ್ಷಾ ಸಮಿತಿಯೊಂದಿದೆ. ಅದರ ಮುಂದಿನ ಸಭೆಯಲ್ಲಿ ಎರಡೇ ಪ್ರಶ್ನೆ ಕೇಳಿರಿ: ಎದೆಗಂಟು ನೋಡಲು ತರಬೇತಾದವರು ಇಲ್ಲಿ ಯಾರಿದ್ದಾರೆ? ಕಳೆದ ವರ್ಷ ಎಷ್ಟು ಹೆಂಗಸರನ್ನು ನೋಡಿದರು? ಉತ್ತರವನ್ನು ಬರಹದಲ್ಲಿ ಪಡೆಯಿರಿ. ಉತ್ತರ ಇಲ್ಲದಿದ್ದರೆ ಹೆಂಗಸರನ್ನೆಲ್ಲ ಕಟ್ಟಿಕೊಂಡು ಮತ್ತೆ ಹೋಗಿ ಕೇಳಿರಿ.