ಮಗುವಿನ ಮನಸ್ಸು ನೊಂದರೆ ಎಲ್ಲಿಗೆ ಹೋಗೋಣ?



ಮಗುವಿಗೆ ಜ್ವರ ಬಂದರೆ ಎಸ್ಟೇಟಿನ ಡಿಸ್ಪೆನ್ಸರಿಗೆ ಓಡುತ್ತೇವೆ. ಕೈ ಮುರಿದರೆ ಜೀಪು ಮಾಡಿಕೊಂಡು ತಾಲ್ಲೂಕು ಆಸ್ಪತ್ರೆಗೆ ಹೋಗುತ್ತೇವೆ. ಅಕ್ಕಪಕ್ಕದವರೂ ಜೊತೆಗೆ ಬರುತ್ತಾರೆ, ಕೈಸಾಲವನ್ನೂ ಕೊಡುತ್ತಾರೆ. ಆದರೆ ಮೊನ್ನೆಯವರೆಗೆ ಚುರುಕಾಗಿದ್ದ ಹದಿಮೂರು ವರ್ಷದ ಹುಡುಗಿ ಊಟ ಬಿಟ್ಟು, ಮಾತು ಬಿಟ್ಟು, ಶಾಲೆಗೆ ಹೋಗುವುದಿಲ್ಲವೆಂದು ಹೊದ್ದು ಮಲಗಿದರೆ? ಆಗ ಮನೆಯ ಬಾಗಿಲು ಮುಚ್ಚಿಕೊಳ್ಳುತ್ತದೆ. ಅಪ್ಪ ಅದನ್ನು ಸೋಮಾರಿತನ ಎನ್ನುತ್ತಾನೆ. ಯಾವುದೋ ಗಾಳಿ ಸೋಕಿದೆ ಎನ್ನುತ್ತಾಳೆ ಅಜ್ಜಿ. ನಾಳೆ ಮದುವೆಯಾಗಬೇಕಾದ ಹೆಣ್ಣು ಎಂದು ತಾಯಿ ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ. ಪಕ್ಕದ ಮನೆಯ ಕೆಮ್ಮು ಕೂಡ ಕೇಳಿಸುವಷ್ಟು ತೆಳುವಾದ ಗೋಡೆಗಳು ನಮ್ಮ ಲೈನ್ ಮನೆಗಳದ್ದು. ಆದರೂ ಈ ಮಗುವಿನ ಸಂಕಟ ಯಾರ ಕಿವಿಗೂ ಬೀಳುವುದಿಲ್ಲ.

ಇದು ಎಲ್ಲೋ ಒಂದು ಮನೆಯ ದುರದೃಷ್ಟವೆಂದು ತಿಳಿಯಬಾರದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದವರಲ್ಲಿ ನೂರಕ್ಕೆ ಏಳಕ್ಕಿಂತ ಹೆಚ್ಚು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಐವತ್ತು ಮಕ್ಕಳ ತರಗತಿಯಲ್ಲಿ ಮೂವರೋ ನಾಲ್ವರೋ ಎಂದಾಯಿತು. ಇವರೆಲ್ಲ ಹುಚ್ಚರಲ್ಲ. ಹೆಚ್ಚಿನವರು ಭಯದಿಂದ, ಕಳವಳದಿಂದ, ತಡೆಯಲಾಗದ ದುಃಖದಿಂದ ಬಳಲುವವರು. ಸಕಾಲದಲ್ಲಿ ನೋಡಿಕೊಂಡರೆ ಚೇತರಿಸಿಕೊಳ್ಳುವವರು.

ವಯನಾಡಿನ ಬಂಧುಗಳಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್ಮಲೆಗಳ ಮೇಲೆ ಬೆಟ್ಟವೇ ಇಳಿದು ಬಂತು. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಚಹಾ ತೋಟದ ಪಾಡಿಗಳಲ್ಲಿ ಮಲಗಿದ್ದ ಕೂಲಿಕಾರರ ಕುಟುಂಬಗಳೂ ಅವರಲ್ಲಿದ್ದವು. ಉಳಿದುಕೊಂಡ ಮಕ್ಕಳಲ್ಲಿ ಕೆಲವರು ತಂದೆತಾಯಿಗಳನ್ನು, ಕೆಲವರು ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ಗೆಳೆಯರನ್ನು ಕಳೆದುಕೊಂಡರು. ಆಗ ಕೇರಳ ಸರ್ಕಾರ ಅನ್ನ, ಬಟ್ಟೆಗಳ ಜೊತೆಗೆ ಮನಸ್ಸಿನ ವೈದ್ಯರನ್ನೂ ಆಪ್ತ ಸಲಹೆಗಾರರನ್ನೂ ಶಿಬಿರಗಳಿಗೆ ಕಳುಹಿಸಿತು. ಸೆಪ್ಟೆಂಬರಿನಲ್ಲಿ ಮೇಪ್ಪಾಡಿಯಲ್ಲಿ ಆ ಮಕ್ಕಳಿಗೆ ತರಗತಿಗಳು ಮತ್ತೆ ಆರಂಭವಾದವು. ಅನ್ನದಷ್ಟೇ ಅಗತ್ಯವಾದುದು ಈ ಆರೈಕೆಯೆಂದು ಅಲ್ಲಿ ಎಲ್ಲರೂ ಒಪ್ಪಿದರು, ಯಾರೂ ನಾಚಿಕೆಪಡಲಿಲ್ಲ.

ಹಾಗಿದ್ದರೆ ಬೆಟ್ಟ ಕುಸಿಯದ ಮನೆಗಳ ಗತಿಯೇನು? ಅಪ್ಪ ಕುಡಿದು ಬಂದು ಅಮ್ಮನನ್ನು ಹೊಡೆಯುವ ಮನೆಯ ಮಗುವಿಗೆ ಪ್ರತಿ ಸಂಬಳದ ದಿನವೂ ಒಂದು ಕುಸಿತವೇ. ತಾಯಿಯನ್ನು ಕಳೆದುಕೊಂಡ ಹುಡುಗ, ಪರೀಕ್ಷೆಯಲ್ಲಿ ನಪಾಸಾಗಿ ಅಣ್ಣನಂತೆ ಎಲೆ ಚೀಲ ಹೊರಬೇಕಾಯಿತೆಂದು ಕುಗ್ಗಿದ ಹುಡುಗ, ದಾರಿಯಲ್ಲಿ ಯಾರೋ ಕೆಟ್ಟದಾಗಿ ನಡೆದುಕೊಂಡದ್ದನ್ನು ಹೇಳಲಾರದ ಹುಡುಗಿ, ಇವರಿಗಾಗಿ ಯಾವ ಶಿಬಿರವೂ ತೆರೆಯುವುದಿಲ್ಲ. ಇವರನ್ನು ಗುರುತಿಸಬೇಕಾದವರು ನಾವು.

ಗುರುತಿಸುವುದು ಕಷ್ಟವಲ್ಲ. ಶಾಲೆಯ ದಿನ ಬೆಳಿಗ್ಗೆ ಮಾತ್ರ ಹೊಟ್ಟೆನೋವು, ದೊಡ್ಡ ಮಗು ಮತ್ತೆ ಹಾಸಿಗೆ ಒದ್ದೆ ಮಾಡುವುದು, ರಾತ್ರಿ ಬೆಚ್ಚಿ ಬೀಳುವುದು, ಆಟ ಬಿಡುವುದು, ಸುಮ್ಮಸುಮ್ಮನೆ ಸಿಡುಕು, ಕೈ ಕೊಯ್ದುಕೊಂಡ ಗೆರೆಗಳು. ಇಂಥದು ವಾರಗಟ್ಟಲೆ ನಡೆದರೆ ಗದರಿಸಬೇಡಿ, ಕೂರಿಸಿಕೊಂಡು ಕೇಳಿ. ಬದುಕು ಬೇಡವೆಂಬ ಮಾತು ಮಗುವಿನ ಬಾಯಿಂದ ಬಂದರೆ, “ಸಾಯಬೇಕೆಂದು ಅನ್ನಿಸುತ್ತದೆಯೇ?” ಎಂದು ನೇರವಾಗಿ ಕೇಳಬಹುದು. ಕೇಳಿದರೆ ಇಲ್ಲದ ಯೋಚನೆ ಹುಟ್ಟಿಕೊಳ್ಳುತ್ತದೆ ಎಂಬುದು ತಪ್ಪು ತಿಳಿವಳಿಕೆ. ಕೇಳಿದಾಗ ಮಗುವಿನ ಎದೆ ಹಗುರಾಗುತ್ತದೆ. ಆ ದಿನ ಮಗುವನ್ನು ಒಂಟಿಯಾಗಿ ಬಿಡಬಾರದು. ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇವೆ. ಕೀಟನಾಶಕ, ಕಳೆನಾಶಕಗಳ ಡಬ್ಬಿಯನ್ನು ಯಾರೂ ಲೈನ್ ಮನೆಯಲ್ಲಿ ಇಟ್ಟುಕೊಳ್ಳಬಾರದು. ಅರ್ಧ ಗಳಿಗೆಯ ಸಿಟ್ಟಿನಲ್ಲಿ ಕೈಗೆ ವಿಷ ಸಿಗದೆ ಬದುಕಿಕೊಂಡವರು ಎಷ್ಟೋ ಮಂದಿ. ಸ್ಟೋರಿನ ಬೀಗ ಭದ್ರವಾಗಿರಲಿ ಎಂದು ರೈಟರನ್ನು ಕೇಳಲು ಸಂಕೋಚವೇಕೆ?

ಸರಿ, ಎಲ್ಲಿಗೆ ಹೋಗಬೇಕು? ಊರಿಂದ ದೂರದ ಹುಚ್ಚಾಸ್ಪತ್ರೆಯೊಂದೇ ಗತಿ ಎಂಬ ಕಾಲ ಹೋಯಿತು. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಹಳ್ಳಿಯ ಆರೋಗ್ಯ ಕೇಂದ್ರದ ವೈದ್ಯರಿಗೂ ನೌಕರರಿಗೂ ಈ ಕೆಲಸವನ್ನು ಕಲಿಸಿ ನೋಡಿದರು. ಅದು ಫಲ ಕೊಟ್ಟದ್ದರಿಂದ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿತು. ಕೇರಳ, ತಮಿಳುನಾಡುಗಳೆರಡರಲ್ಲೂ ಇದು ಜಾರಿಯಲ್ಲಿದೆ. ಇದರ ವೈದ್ಯರ ತಂಡ ಗೊತ್ತುಪಡಿಸಿದ ದಿನಗಳಲ್ಲಿ ತಾಲ್ಲೂಕಿನ ಆಸ್ಪತ್ರೆಗಳಿಗೆ ಬರುತ್ತದೆ, ಚಿಕಿತ್ಸೆಗೆ ಹಣವಿಲ್ಲ. ಅಲ್ಲಿಯವರೆಗೆ ಹೋಗಲಾಗದವರಿಗೆ 14416 ಎಂಬ ಫೋನ್ ನಂಬರು 2022ರ ಅಕ್ಟೋಬರಿನಿಂದ ಹಗಲೂ ರಾತ್ರಿಯೂ ಇದೆ. ಇದೂ ಉಚಿತ, ಕನ್ನಡದಲ್ಲಿಯೂ ಮಾತನಾಡಬಹುದು. ಮಗುವಿಗೆ ಯಾರಿಂದಲಾದರೂ ಹಿಂಸೆಯಾಗುತ್ತಿದ್ದರೆ 1098. (ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಬೇಕಾದ ಲೈನುಗಳಿವೆ, ನಿಜ. ಅದು ಬೇರೆಯೇ ಜಗಳ.)

ಇಷ್ಟೆಲ್ಲ ಇದ್ದೂ ನಮ್ಮ ಮಕ್ಕಳು ಅಲ್ಲಿಗೆ ತಲುಪುವುದಿಲ್ಲ. ಒಂದು ಕಾರಣ ಕೂಲಿ. ಆಸ್ಪತ್ರೆಗೆ ಹೋದರೆ ಒಂದು ಹಾಜರಿ ಹೋಯಿತು. ಒಮ್ಮೆ ಹೋದರೆ ಸಾಲದು, ತಿಂಗಳು ತಿಂಗಳೂ ಹೋಗಬೇಕು. ಇನ್ನೊಂದು ಭಾಷೆ, ಇದನ್ನು ನಾವೇ ಸಾಕಷ್ಟು ಗಮನಿಸುವುದಿಲ್ಲ. ಮನೆಯ ಮಾತು ಕನ್ನಡ, ಶಾಲೆಯದು ತಮಿಳು ಇಲ್ಲವೆ ಮಲಯಾಳ. ವೈದ್ಯರು ಕೇಳಿದ್ದು ತಾಯಿಗೆ ಪೂರ್ತಿ ತಿಳಿಯದು. ಆಗ ತರ್ಜುಮೆಗೆ ನಿಲ್ಲುವುದು ಯಾರು? ಕಾಯಿಲೆಯ ಮಗುವೇ! ಅಪ್ಪನ ಕುಡಿತದಿಂದಲೇ ನನಗೆ ನಿದ್ರೆಯಿಲ್ಲ ಎಂದು ಆ ಮಗು ಅಪ್ಪನ ಎದುರಿಗೆ ಎರಡು ಭಾಷೆಯಲ್ಲಿ ಹೇಳೀತೇ? ಹೊಟ್ಟೆನೋವು ಎಂದು ಹೇಳಿ ಮುಗಿಸುತ್ತದೆ. ಹೊಟ್ಟೆನೋವಿನ ಮಾತ್ರೆ ಬರುತ್ತದೆ. ಎರಡೂ ಭಾಷೆ ಬಲ್ಲ, ಬಾಯಿ ಬಿಗಿಯಾದ ಒಬ್ಬ ಅಕ್ಕನೋ ಅಣ್ಣನೋ ಜೊತೆಗಿದ್ದರೆ, ಮಗುವನ್ನು ಸ್ವಲ್ಪ ಹೊತ್ತು ಬೇರೆಯಾಗಿ ಮಾತನಾಡಿಸಿರೆಂದು ವೈದ್ಯರನ್ನು ಕೇಳಿಕೊಂಡರೆ, ಅರ್ಧ ಕೆಲಸ ಆದಂತೆ.

ಅಂಥವರು ದೊಡ್ಡ ಓದು ಓದಿರಬೇಕಾಗಿಲ್ಲ. ಬಿಹಾರದ ನಳಂದ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ತರಬೇತಿ ಪಡೆದ ಸಾಮಾನ್ಯ ಜನರನ್ನು ಸಲಹೆಗಾರರನ್ನಾಗಿ ನೇಮಿಸಿ ಒಂದು ಪ್ರಯೋಗ ನಡೆಯಿತು. ಕೆಲವು ಶಾಲೆಗಳಲ್ಲಿ ಅದೇ ಕೆಲಸವನ್ನು ಉಪಾಧ್ಯಾಯರಿಗೆ ಒಪ್ಪಿಸಲಾಗಿತ್ತು. 2018ರಲ್ಲಿ ಪ್ರಕಟವಾದ ಫಲಿತಾಂಶ ನೋಡಿದರೆ, ಉಪಾಧ್ಯಾಯರಿಂದ ಹೇಳಿಕೊಳ್ಳುವಂಥ ಬದಲಾವಣೆಯಾಗಲಿಲ್ಲ. ಆ ಸಾಮಾನ್ಯ ಸಲಹೆಗಾರರಿದ್ದ ಶಾಲೆಗಳಲ್ಲಿ ಮಕ್ಕಳ ಖಿನ್ನತೆಯೂ ಹೊಡೆದಾಟವೂ ಕಡಿಮೆಯಾದವು. ಮಕ್ಕಳು ಹೆಸರು ಹಾಕದೆ ಚೀಟಿ ಬರೆದು ಹಾಕಲು ಒಂದು ಪೆಟ್ಟಿಗೆಯನ್ನೂ ಅಲ್ಲಿ ಇಟ್ಟಿದ್ದರು. ನಮ್ಮ ಲೈನುಗಳಲ್ಲಿ ಹತ್ತನೆಯ ತರಗತಿ, ಪ್ಲಸ್ ಟು ಮುಗಿಸಿ ಕುಳಿತ ಹೆಣ್ಣುಮಕ್ಕಳು ಎಷ್ಟಿಲ್ಲ!

ಹಕ್ಕಿನ ಮಾತನ್ನೂ ಆಡಬೇಕು. 2017ರ ಮಾನಸಿಕ ಆರೋಗ್ಯ ರಕ್ಷಣೆ ಕಾಯಿದೆಯು ಸರ್ಕಾರದ ಆಸ್ಪತ್ರೆಗಳಲ್ಲಿ ಈ ಚಿಕಿತ್ಸೆ ಪಡೆಯುವ ಹಕ್ಕನ್ನು ಪ್ರತಿಯೊಬ್ಬರಿಗೂ ಕೊಟ್ಟಿದೆ. ಮಕ್ಕಳಿಗೆ ತಕ್ಕ ಸೇವೆ ಇರಬೇಕೆಂದೂ ಹೇಳಿದೆ. ಸಾಯಲು ಯತ್ನಿಸಿ ಬದುಕಿದವರನ್ನು ಶಿಕ್ಷಿಸದೆ ಆರೈಕೆ ಮಾಡಬೇಕೆಂಬುದೂ ಅದರಲ್ಲಿಯೇ ಇದೆ. ಆದ್ದರಿಂದ ಪೊಲೀಸರ ಹೆದರಿಕೆಯಿಂದ ಮಗುವನ್ನು ಮನೆಯಲ್ಲಿ ಬಚ್ಚಿಡಬೇಡಿ. ಇನ್ನು ಮಾಲೀಕರ ಹೊಣೆ. 1951ರ ಪ್ಲಾಂಟೇಶನ್ ಕಾಯಿದೆ ಹೋಗಿ 2025ರ ನವೆಂಬರ್ 21ರಿಂದ ಹೊಸ ಸಂಹಿತೆ ಬಂದಿದ್ದರೂ, ತೋಟದ ಕೆಲಸಗಾರರಿಗೂ ಅವರ ಕುಟುಂಬಕ್ಕೂ ಆರೋಗ್ಯದ ಏರ್ಪಾಡು ಮಾಡಬೇಕೆಂಬುದು ಉಳಿದಿದೆ. ಮನಸ್ಸು ಆರೋಗ್ಯಕ್ಕೆ ಹೊರಗಿನದಲ್ಲ. ತಿಂಗಳಿಗೊಮ್ಮೆ ಡಿಸ್ಪೆನ್ಸರಿಯ ಒಂದು ಕೋಣೆಯನ್ನು ಸರ್ಕಾರದ ತಂಡಕ್ಕೆ ಬಿಟ್ಟುಕೊಡಿ, ಮಗುವನ್ನು ಕರೆದುಕೊಂಡು ಹೋದ ತಾಯಿಯ ಹಾಜರಿ ಕತ್ತರಿಸಬೇಡಿ ಎಂದು ಸಂಘಗಳು ಕೇಳಲಿ. ಬೋನಸ್ಸಿಗೆ ಕೂಗುವ ಗಂಟಲು ಇದಕ್ಕೇಕೆ ಕಟ್ಟಿಕೊಳ್ಳಬೇಕು?

ನಮ್ಮ ಸಭೆಗಳವರಿಗೂ ಒಂದು ಮಾತು. ಮಗುವಿಗಾಗಿ ಪ್ರಾರ್ಥಿಸಿರಿ, ಯಾರೂ ಬೇಡವೆನ್ನರು. ಆದರೆ ದೆವ್ವ ಬಿಡಿಸುತ್ತೇವೆಂದು ಉಪವಾಸ ಕೆಡವುವುದು, ಕಟ್ಟಿಹಾಕುವುದು, ಹೊಡೆಯುವುದು ಪ್ರಾರ್ಥನೆಯಲ್ಲ. ಕೊಡುತ್ತಿರುವ ಮಾತ್ರೆಯನ್ನು ವೈದ್ಯರನ್ನು ಕೇಳದೆ ನಿಲ್ಲಿಸಿರೆಂದು ಹೇಳುವ ಅಧಿಕಾರ ಯಾವ ಬೋಧಕನಿಗೂ ಇಲ್ಲ.

ಈ ಸಂಚಿಕೆ ಕೈಸೇರಿದ ವಾರದಲ್ಲಿಯೇ ಪ್ರತಿ ಲೈನಿನಿಂದ ಇಬ್ಬರು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಮಾನಸಿಕ ಆರೋಗ್ಯದ ತಂಡ ಯಾವ ಆಸ್ಪತ್ರೆಗೆ, ಯಾವ ದಿನ, ಎಷ್ಟು ಗಂಟೆಗೆ ಬರುತ್ತದೆಂದು ಕೇಳಿ ತಿಳಿದು ಬರಲಿ. ಅದನ್ನೂ 14416ನ್ನೂ ಕನ್ನಡದಲ್ಲಿ ದೊಡ್ಡದಾಗಿ ಬರೆದು ಮಸ್ಟರ್ ಕಟ್ಟೆಯ ಬಳಿಯೂ ನೀರಿನ ಕೊಳಾಯಿಯ ಬಳಿಯೂ ಅಂಟಿಸಲಿ. ಮಕ್ಕಳ ಕಣ್ಣಿಗೆ ಬೀಳುವಷ್ಟು ಕೆಳಗೆ ಅಂಟಿಸಿರಿ.