ಕ್ಯಾಸಿಯೋ ಮಾಸ್ತರನ ಹೆಸರು ಎಲ್ಲಿ ಬರೆಯೋಣ?

ಈಗ ಹೊಸದೊಂದು ಚಟ ಸುರುವಾಗಿದೆ, ಹಳೆಯ ಎಲೆಕ್ಟ್ರಾನಿಕ್ ಸಂಗೀತ ಹುಡುಕುವುದು. ನಮ್ಮ ಜೋಡಿ ಡಿಪ್ಲೊಮಾ ಮುಗಿಸಿ ಬೆಂಗಳೂರು ಸೇರಿದ ಗೆಳೆಯರು ವಾರಕ್ಕೊಂದು ಲಿಂಕ್ ಕಳಿಸುತ್ತಾರೆ. ಒಮ್ಮೆ ಜರ್ಮನಿಯ ಕ್ರಾಫ್ಟ್‌ವರ್ಕ್, ಒಮ್ಮೆ ಅಹಮದಾಬಾದಿನ ಹಳೆ ಟೇಪು, ಒಮ್ಮೆ ಮುಂಬೈನ ಚರಣ್‌ಜಿತ್ ಸಿಂಗ್. ಕೇಳಿದ್ದೇವೆ, ಚಲೋ ಅದಾವ. ಆದರೆ ಇದೇ ಗೆಳೆಯರು ಜಾತ್ರೆಗೆಂದು ಈ ಕಡೆ ಬಂದು, ಕಿನ್ನಾಳದಲ್ಲಿ ರಾತ್ರಿ ನಾಟಕದ ಪೆಂಡಾಲಿನಲ್ಲಿ ಕೂತರೆ ಅವರ ಮಾತು ತಿರುಗುತ್ತದೆ. "ಈ ಕ್ಯಾಸಿಯೋ ಬಂದು ನಾಟಕ ಕೆಡಿಸ್ತು ನೋಡ್ರಿ, ಪೇಟಿ ಇದ್ದಾಗ ಏನ್ ಮಜಾ ಇತ್ತು" ಅನ್ನುತ್ತಾರೆ. ಫೋನಿನಲ್ಲಿ 40 ವರ್ಷ ಹಳೆಯ ಸಿಂಥಸೈಜರ್ ಅಂದರೆ ಕಲೆ, ಎದುರಿಗೆ ಕೂತು ನುಡಿಸುವವನ ಸಿಂಥಸೈಜರ್ ಅಂದರೆ ಕೇಡು. ಈ ಎರಡು ನಾಲಿಗೆಯ ಬಗ್ಗೆ ನಮ್ಮ ತಕರಾರು.

ಮೊದಲು ಚರಣ್‌ಜಿತ್ ಸಿಂಗರ ಕಥೆಯನ್ನೇ ನೋಡಿ. ಮುಂಬೈನ ಸಿನಿಮಾ ಸ್ಟುಡಿಯೋಗಳಲ್ಲಿ ಗಿಟಾರು, ಕೀಬೋರ್ಡು ನುಡಿಸಿ ಬದುಕಿದವರು ಅವರು. 1982ರಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿಯ ಮೂರು ಯಂತ್ರಗಳನ್ನು, ಅಂದರೆ ಟಿಬಿ-303, ಟಿಆರ್-808 ಮತ್ತು ಜುಪಿಟರ್-8, ಮುಂದಿಟ್ಟುಕೊಂಡು ಭೈರವಿ, ಲಲಿತ್, ಭೂಪಾಲಿ, ತೋಡಿ ಸೇರಿ ಹತ್ತು ರಾಗಗಳನ್ನು ಡಿಸ್ಕೋ ಪೆಟ್ಟಿಗೆ ಹಚ್ಚಿದರು. ಎಚ್‌ಎಂವಿ ಕಂಪನಿ ರೆಕಾರ್ಡು ತಂದಿತು. ಮಾರಾಟ ಆಗಲಿಲ್ಲ. ರಾಗ ಕೇಳುವವರಿಗೆ ಅದು ಡಿಸ್ಕೋ, ಡಿಸ್ಕೋ ಕುಣಿಯುವವರಿಗೆ ಅದು ರಾಗ. 20 ವರ್ಷ ಕಳೆದ ಮೇಲೆ ಎಡೋ ಬೌಮನ್ ಎಂಬ ಡಚ್ ಸಂಗ್ರಾಹಕ ಅದನ್ನು ದಿಲ್ಲಿಯಲ್ಲಿ ಕಂಡು ಕೊಂಡ, 2010ರಲ್ಲಿ ಮತ್ತೆ ಅಚ್ಚು ಹಾಕಿಸಿದ. ಆಗ ಜಗತ್ತು ಬೆರಗಾಯಿತು. ಶಿಕಾಗೊದಲ್ಲಿ ಫ್ಯೂಚರ್ ತಂಡ 1987ರಲ್ಲಿ 'ಆ್ಯಸಿಡ್ ಟ್ರ್ಯಾಕ್ಸ್' ತಂದು ಯಾವ ಸದ್ದಿಗೆ ಹೆಸರಾಯಿತೋ, ಅದೇ ಯಂತ್ರದಲ್ಲಿ ಹೆಚ್ಚುಕಡಿಮೆ ಅದೇ ಸದ್ದನ್ನು ಐದು ವರ್ಷ ಮೊದಲೇ ಈ ಸರ್ದಾರಜಿ ತೆಗೆದಿದ್ದರು. 70 ದಾಟಿದ ಮೇಲೆ ಯುರೋಪಿನ ವೇದಿಕೆ ಹತ್ತಿದರು, 2015ರಲ್ಲಿ ತೀರಿಕೊಂಡರು.

ಅಹಮದಾಬಾದಿನದೂ ಇಂಥದೇ ಕಥೆ. ಅಲ್ಲಿಯ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲಿ ಅಮೆರಿಕದ ಡೇವಿಡ್ ಟ್ಯೂಡರ್ ಬಂದು ಮೂಗ್ ಸಿಂಥಸೈಜರ್ ಹೂಡಿಕೊಟ್ಟರು. ಗೀತಾ ಸಾರಾಭಾಯಿ, ಐ.ಎಸ್. ಮಾಥುರ್, ಅತುಲ್ ದೇಸಾಯಿ, ಎಸ್.ಸಿ. ಶರ್ಮಾ, ಜಿನರಾಜ್ ಜೋಶಿಪುರಾ ಅದರ ಮೇಲೆ ಕೆಲಸ ಮಾಡಿದರು. ಆ ಟೇಪುಗಳು ದಶಕಗಳ ಕಾಲ ಸಂಸ್ಥೆಯಲ್ಲೇ ಬಿದ್ದಿದ್ದವು. ಲಂಡನ್‌ನ ಕಲಾವಿದ ಪಾಲ್ ಪರ್ಗಾಸ್ ಬಂದು ಕೆದಕಿದ ಮೇಲೆ 2023ರಲ್ಲಿ ಒಂದು ಸಂಕಲನ ಹೊರಬಂತು. ಎರಡೂ ಕಥೆಯಲ್ಲಿ ಕಪಾಟು ತೆರೆಯಲು ಹೊರಗಿನವರೇ ಬರಬೇಕಾಯಿತು ಅನ್ನುವುದು ಒಂದು ಮಾತು. ನಮಗೆ ಅದಕ್ಕಿಂತ ಚುಚ್ಚುವುದು ಇನ್ನೊಂದು. ಆ ಕಪಾಟು ಮುಚ್ಚಿದ್ದು ಯಾವ ತಾತ್ಸಾರವೋ ಅದೇ ತಾತ್ಸಾರ ಈಗ ಕಿನ್ನಾಳದ ಪೆಂಡಾಲಿನಲ್ಲಿ ಕೂತಿದೆ.

ಕರ್ನಾಟಕದ್ದನ್ನೇ ತೆಗೆದುಕೊಳ್ಳೋಣ. 1979ರಲ್ಲಿ ಬೆಂಗಳೂರಿನ ಜಿ. ರಾಜ್ ನಾರಾಯಣ್, ಕೊಳಲು ನುಡಿಸುವವರೂ ಹೌದು, ಇಂಜಿನಿಯರೂ ಹೌದು, ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಮಾಡಿದರು. ಮುಂದೆ ಅವರ ರಾಡೆಲ್ ಕಂಪನಿಯಿಂದ ಎಲೆಕ್ಟ್ರಾನಿಕ್ ತಂಬೂರಿ ಬಂತು, ತಬಲಾ ಬಂತು. ಇವತ್ತು ಸಂಗೀತದ ಪಾಠ ನಡೆಯುವ ಮನೆಗಳಲ್ಲಿ ಅಂಥದೊಂದು ಡಬ್ಬಿ ಮಾಮೂಲಿ. ವಿದ್ಯುತ್ ಸರ್ಕ್ಯೂಟಿನಿಂದ ಷಡ್ಜ ಪಂಚಮ ಹುಟ್ಟಿಸುವ ಯಂತ್ರ ಎಲೆಕ್ಟ್ರಾನಿಕ್ ಸಂಗೀತ ಅಲ್ಲದಿದ್ದರೆ ಮತ್ತೇನು? ಆದರೆ ಹಳೆ ಸಿಂಥಸೈಜರಿನ ಹುಚ್ಚು ಹತ್ತಿದ ನಮ್ಮ ಯಾವ ಗೆಳೆಯರ ಪಟ್ಟಿಯಲ್ಲೂ ಅದರ ಹೆಸರಿಲ್ಲ. ಅದು ಉಪಯೋಗಕ್ಕೆ ಬರುತ್ತದಲ್ಲ, ಹಾಗಾಗಿ ಅದಕ್ಕೆ ಗೌರವ ಕಡಿಮೆ.

"ಪೇಟಿ ಇದ್ದಾಗ ಮಜಾ ಇತ್ತು" ಎನ್ನುವವರಿಗೆ ಪೇಟಿಯ ಜಾತಕವನ್ನೂ ನೆನಪಿಸಬೇಕು. ಹಾರ್ಮೋನಿಯಂ ಈ ಮಣ್ಣಿನದಲ್ಲ, ಯುರೋಪಿನಿಂದ ಬಂದದ್ದು. ಅದರ ಮನೆಗಳು ಗಟ್ಟಿ, ಮೀಂಡ್ ಬರುವುದಿಲ್ಲ, ರಾಗ ಕೆಡಿಸುತ್ತದೆ ಎಂದು ಆಕಾಶವಾಣಿ 1940ರಲ್ಲಿ ಅದನ್ನು ನಿಷೇಧಿಸಿತು. ಆ ನಿಷೇಧ ಸಡಿಲಾಗಲು 1971 ಬರಬೇಕಾಯಿತು. 31 ವರ್ಷ! ಆ ಅವಧಿಯಲ್ಲಿ ನಮ್ಮ ಕಡೆ ಏನಾಯಿತು? ಕಂಪನಿ ನಾಟಕಗಳು ಪೇಟಿಯ ಮೇಲೇ ನಿಂತವು, ಬಯಲಾಟದವರು ಅದನ್ನು ಅಟ್ಟದ ಮೇಲೆ ಏರಿಸಿದರು, ಭಜನಿ ಮೇಳದವರು ಗುಡಿಯೊಳಗೆ ಒಯ್ದರು. ಬೆಳಗಾವಿಯ ರಾಮಭಾವು ಬಿಜಾಪುರೆ ಅವರಂಥ ಹಾರ್ಮೋನಿಯಂ ಪಂಡಿತರು ಆಗಿಹೋದರು. ಗದಗಿನ ಪುಟ್ಟರಾಜ ಗವಾಯಿಗಳ ಬೆರಳಿನ ಕೆಳಗೆ ಅದೇ ಪೇಟಿ ಏನೇನು ನುಡಿಯಿತು ಎಂದು ಈ ಸೀಮೆಯವರಿಗೆ ನಾವು ಹೇಳಬೇಕಿಲ್ಲ. ಅಂದು ಪೇಟಿಗೆ ಬೈದ ಬೈಗಳನ್ನೇ, ಒಂದಕ್ಷರ ಬದಲಿಸದೆ, ಇಂದು ಕ್ಯಾಸಿಯೋಗೆ ಬೈಯುತ್ತಿದ್ದಾರೆ. ಬೈಯುವವರ ಕೈಯಲ್ಲಿ ಪೇಟಿಯೇ ಪರಂಪರೆಯ ಧ್ವಜ ಆಗಿದೆ.

ಕಿನ್ನಾಳದಂಥ ಊರಿಗೆ ಈ ಸದ್ದು ಮೊದಲು ಬಂದದ್ದು ಕ್ಯಾಸೆಟ್ಟಿನಲ್ಲಿ. 1987ರಲ್ಲಿ 'ಪ್ರೇಮಲೋಕ' ಬಂತು, ಹಂಸಲೇಖರ ಹಾಡುಗಳ ಲಹರಿ ಕ್ಯಾಸೆಟ್ಟು ಚಹಾದಂಗಡಿ, ಟೆಂಪೋ ಎಲ್ಲ ಹೊಕ್ಕಿತು. ಆಮೇಲೆ ನಾಟಕ ನೋಡುವ ಹುಡುಗರು ಅಂಥ ಸದ್ದನ್ನೇ ವೇದಿಕೆಯಲ್ಲಿ ಕೇಳಹತ್ತಿದರು. ಪೇಟಿ ಮಾಸ್ತರರು ಹುಬ್ಬಳ್ಳಿಗೆ ಹೋಗಿ, ಸಾಲ ಮಾಡಿ, ಕೀಬೋರ್ಡು ತಂದರು. ಯಾವ ಕಂಪನಿಯದಾದರೂ ನಮ್ಮ ಕಡೆ ಅದರ ಹೆಸರು ಕ್ಯಾಸಿಯೋ.

ಅದನ್ನು ಅವರಿಗೆ ಯಾರೂ ಕಲಿಸಲಿಲ್ಲ. ಬಟನ್‌ಗಳ ಮೇಲೆ ಇಂಗ್ಲಿಷಿನಲ್ಲಿ ಡಿಸ್ಕೋ, ಸಾಂಬಾ, ವಾಲ್ಟ್ಸ್ ಎಂದು ಬರೆದಿತ್ತು. ವಾಲ್ಟ್ಸ್ ಅಂದರೆ ಯಾವ ದೇಶದ ಕುಣಿತವೋ ಇವರಿಗೇಕೆ? ಒತ್ತಿ ಕೇಳಿದರು. ಮೂರು ಮೂರು ಪೆಟ್ಟು ಬರುತ್ತಿದೆ, ಎರಡು ಸುತ್ತು ಹಾಕಿದರೆ ದಾದ್ರಾದ ಆರು ಮಾತ್ರೆ ಆಯಿತು. ನಾಲ್ಕು ಪೆಟ್ಟಿನ ರಿದಂ ಅನ್ನು ವೇಗ ತಗ್ಗಿಸಿ ಕೆಹರವಾಕ್ಕೆ ಕೂಡಿಸಿದರು. ಏಳು ಮಾತ್ರೆಯ ರೂಪಕ ಬಂದಾಗ ಯಂತ್ರ ಕೈಕೊಟ್ಟಿತು, ಆಗ ರಿದಂ ಬಂದ್ ಮಾಡಿ ತಬಲಾದವನ ಕಡೆ ಕಣ್ಣು ಹೊಡೆದರು. ಇನ್ನು ಹೊರಗಿನಿಂದ ಬರುವ ನಟಿಯರ ಪಟ್ಟಿ. ಒಬ್ಬಾಕೆಯದು ಕಾಳಿ ಒಂದು, ಇನ್ನೊಬ್ಬಾಕೆಯದು ಪಾಂಢರಿ ಐದು. ತಾಲೀಮಿಗೆ ಬರಲು ಅವರಿಗೆ ಪುರುಸೊತ್ತಿಲ್ಲ, ಆಟದ ದಿನ ಸಂಜೆಯ ಬಸ್ಸಿಗೆ ಬಂದು ಇಳಿಯುವರು. ಪೇಟಿಯಲ್ಲಾದರೆ ಮಾಸ್ತರನ ಬೆರಳು ಆ ಹಾಡನ್ನು ಹೊಸ ಪಟ್ಟಿಯಲ್ಲಿ ಮತ್ತೆ ಕಲಿಯಬೇಕು. ಇದರಲ್ಲಿ ಟ್ರಾನ್ಸ್‌ಪೋಸ್ ಬಟನ್ ಒತ್ತಿದರೆ ಮುಗಿಯಿತು. ಖಳನಾಯಕ ಬಂದಾಗ ಗುಡುಗು, ನಾಯಕಿ ವಿಷ ಕುಡಿದಾಗ ಪಿಟೀಲು, ಎಲ್ಲ ಒಬ್ಬನೇ. ಕರೆಂಟು ಹೋದರೆ ಸೆಲ್ ಮೇಲೆ ಓಡುವುದು.

ಇದನ್ನು ಅಗ್ಗದ ಕೆಲಸ ಎನ್ನುವವರು ಜಮೈಕಾ ಕಡೆ ನೋಡಲಿ. ಕ್ಯಾಸಿಯೋ ಕಂಪನಿ 1981ರಲ್ಲಿ ಎಂಟಿ-40 ಎಂಬ ಸಣ್ಣ ಕೀಬೋರ್ಡು ತಂದಿತು. ಅದರ 'ರಾಕ್' ರಿದಂ ಕೂಡಿಸಿದ್ದು ಆಗಷ್ಟೇ ಕೆಲಸಕ್ಕೆ ಸೇರಿದ್ದ ಒಕುದಾ ಹಿರೊಕೊ ಎಂಬ ಯುವತಿ. 1985ರಲ್ಲಿ ಕಿಂಗ್ ಜ್ಯಾಮಿ ಅದೇ ರಿದಂ ಮೇಲೆ ವೇಯ್ನ್ ಸ್ಮಿತ್‌ನ ಹಾಡು ಕಟ್ಟಿದ, 'ಅಂಡರ್ ಮಿ ಸ್ಲೆಂಗ್ ಟೆಂಗ್'. ಅಲ್ಲಿಂದ ಜಮೈಕಾದ ರೆಗ್ಗೆಯ ದಿಕ್ಕೇ ಬದಲಾಯಿತು, ಅದೊಂದು ರಿದಂ ಮೇಲೆ ನೂರಾರು ಹಾಡು ಬಂದವು. ಈಗ ಆ ಒಂದು ಬಟನ್ ಬಗ್ಗೆ ಪ್ರಬಂಧ ಬರೆಯುತ್ತಾರೆ. ಕಿಂಗ್‌ಸ್ಟನ್‌ನ ಬಡ ಓಣಿಯವರು ಒತ್ತಿದರೆ ಕ್ರಾಂತಿ, ಕಿನ್ನಾಳದವರು ಒತ್ತಿದರೆ ಕಿರಿಕಿರಿಯೇ?

ಕಿನ್ನಾಳ ಅಂದ ಕೂಡಲೇ ಎಲ್ಲರಿಗೂ ಗೊಂಬೆ ನೆನಪಾಗುತ್ತದೆ. ಆಗಲಿ, ಅದನ್ನೇ ಮಾತಾಡೋಣ. ಚಿತ್ರಗಾರರ ಮನೆಗಳಲ್ಲಿ ಹಗುರ ಕಟ್ಟಿಗೆ ಕೆತ್ತಿ, ಹುಣಸೆಬೀಜದ ಅಂಟಿನಲ್ಲಿ ಚಿಂದಿ ಮೆತ್ತಿ ಮಾಡುವ ಆ ಗೊಂಬೆಗೆ ಭೌಗೋಳಿಕ ಗುರುತು ಸಿಕ್ಕಿದೆ. ಹಿಂದೆ ಬಣ್ಣವನ್ನೂ ತಾವೇ ಅರೆದು ಮಾಡುತ್ತಿದ್ದರು, ಈಗ ಹೆಚ್ಚಾಗಿ ಅಂಗಡಿಯ ಬಣ್ಣ. ಹಾಗೆಂದು ಅದು ಕಿನ್ನಾಳದ ಗೊಂಬೆ ಅಲ್ಲ ಎಂದು ಯಾರಾದರೂ ಅಂದಿದ್ದಾರೆಯೇ? ಮೂಗು ಕಣ್ಣು ಬರೆಯುವ ಕೈ ಕಿನ್ನಾಳದ್ದು, ಅಷ್ಟು ಸಾಕು. ಆ ನ್ಯಾಯ ಅದೇ ಊರಿನ ಕ್ಯಾಸಿಯೋ ಮಾಸ್ತರನಿಗೆ ಏಕಿಲ್ಲ?

ನಮ್ಮ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರ ತೊಗಲುಗೊಂಬೆಯಾಟಕ್ಕೆ 2025ರಲ್ಲಿ ಪದ್ಮಶ್ರೀ ಬಂತು. ಅಂದು ನಮ್ಮ ಸಂತೋಷಕ್ಕೆ ಪಾರವಿರಲಿಲ್ಲ. ಜಾನಪದಕ್ಕೆ, ತಡವಾಗಿಯಾದರೂ, ಒಂದು ಬಾಗಿಲು ಇದೆ. ಶಾಸ್ತ್ರೀಯಕ್ಕೂ ಇದೆ. ನಡುವಿನ ಈ ಜನಕ್ಕೆ ಇಲ್ಲ. ಕಿನ್ನಾಳದ ಪಕ್ಕದ ಹಳ್ಳಿಯ ಒಬ್ಬ ಮಾಸ್ತರರು 25 ವರ್ಷದಿಂದ ಕ್ಯಾಸಿಯೋ ಬಿಟ್ಟು ಬೇರೇನೂ ನುಡಿಸಿಲ್ಲ. ಕಲಾವಿದರ ಮಾಸಾಶನದ ಅರ್ಜಿ ತುಂಬುವಾಗ ಕಲಾಪ್ರಕಾರ ಎಂಬಲ್ಲಿ 'ಹಾರ್ಮೋನಿಯಂ' ಎಂದು ಬರೆದರು. ಯಾಕ್ರಿ ಮಾಸ್ತರ ಎಂದು ಕೇಳಿದೆವು. "ಕ್ಯಾಸಿಯೋ ಅಂತ ಬರದ್ರ ನಗತಾರ್ರೀ ತಮ್ಮಾ" ಅಂದರು. ನಗುವವರು ಯಾರೆಂದು ಅವರು ಹೇಳಲಿಲ್ಲ. ಜಾತ್ರೆ ನಾಟಕದ ಸುದ್ದಿಯಲ್ಲಿ ರಿಬ್ಬನ್ ಕತ್ತರಿಸಿದವರ, ಅಧ್ಯಕ್ಷತೆ ವಹಿಸಿದವರ, ಶಾಲು ಹೊದೆಸಿದವರ ಹೆಸರಿಗೆಲ್ಲ ಪತ್ರಿಕೆಯಲ್ಲಿ ಜಾಗ ಇದೆ. ಇಡೀ ರಾತ್ರಿ ನುಡಿಸಿದವನ ಹೆಸರು ಕಳಿಸಿದರೆ ಡೆಸ್ಕಿನಲ್ಲಿ ಮೊದಲು ಕತ್ತರಿ ಬೀಳುವುದು ಅದಕ್ಕೇ.

ಎದುರು ವಾದ ಇಲ್ಲವೆಂದಲ್ಲ. ಯಂತ್ರದ ರಿದಂ ಬಂದ ಮೇಲೆ ಎಷ್ಟೋ ತಬಲಾದವರ ರಾತ್ರಿ ಪಗಾರ ಹೋಯಿತು, ಇದು ಖರೆ. ಬಾಗಿಲಕೋಟೆ, ವಿಜಯಪುರ ಸೀಮೆಯ ಕ್ಯಾಸೆಟ್ಟುಗಳಲ್ಲಿ ಬಂದ ಎರಡರ್ಥದ ಹಾಡುಗಳನ್ನು ಮನೆಮಂದಿ ಎದುರು ಹಚ್ಚಲು ಆಗುವುದಿಲ್ಲ, ಅದೂ ಖರೆ. ಒಬ್ಬರು ಹಿರಿಯ ಭಜನಿ ಪದದವರು ನಮ್ಮ ಮುಂದೆ ಹೇಳಿದ್ದು ಇನ್ನೂ ಭಾರದ ಮಾತು. ತಬಲಾದವ ಹಾಡುವವನ ಉಸಿರು ನೋಡಿ ನಿಲ್ಲುತ್ತಾನೆ, ಕ್ಯಾಸಿಯೋ ನಿಲ್ಲುವುದಿಲ್ಲ, ಹಾಡುವವನೇ ಅದರ ಹಿಂದೆ ಓಡಬೇಕು. ಇದಕ್ಕೆ ನಮ್ಮ ಬಳಿ ಪೂರ್ತಿ ಉತ್ತರ ಇಲ್ಲ. ಆದರೆ ಇಷ್ಟು ನಷ್ಟ ಆಯಿತು ಎನ್ನಬೇಕಾದರೂ ಕಿವಿಗೊಟ್ಟು ಕೇಳಿ, ಹಳೆಯದರ ಪಕ್ಕ ಇಟ್ಟು ನೋಡಬೇಕಲ್ಲ? ಕೇಳದೆ ಬೈಯುವುದು ಯಾವ ವಿಮರ್ಶೆ?

ಇನ್ನು ಕೇಳುವುದಕ್ಕೂ ಹೆಚ್ಚು ದಿನ ಉಳಿದಿಲ್ಲ. ತೊಂಬತ್ತರ ದಶಕದ ಈ ನಾಟಕಗಳು ಉಳಿದಿರುವುದು ಯಾರೋ ಮೈಕ್ ಸೆಟ್ಟಿನ ಪಕ್ಕ ಟೇಪ್‌ರೆಕಾರ್ಡರ್ ಇಟ್ಟು ತುಂಬಿಕೊಂಡ ಕ್ಯಾಸೆಟ್ಟುಗಳಲ್ಲಿ. ರಾತ್ರಿ ಹತ್ತಕ್ಕೆ ಸುರುವಾಗಿ ಬೆಳಕು ಹರಿಯುವ ತನಕ ನಡೆಯುವ ಆಟ, 90 ನಿಮಿಷದ ಕ್ಯಾಸೆಟ್ಟು. ಒಂದೊಂದು ಮೈ ಮುಗಿದಾಗ ಟಕ್ ಎಂಬ ಸದ್ದು, ತಿರುವಿ ಹಾಕುವಷ್ಟರಲ್ಲಿ ಹಾಡಿನ ಅರ್ಧ ನುಡಿ ಹೋಗಿರುತ್ತದೆ. ಎಷ್ಟೋ ಕ್ಯಾಸೆಟ್ಟಿನ ಮೇಲೆ ಆಮೇಲೆ ಸಿನಿಮಾ ಹಾಡು ತುಂಬಿದ್ದಾರೆ. ಉಳಿದವು ಟ್ರಂಕಿನಲ್ಲಿ, ಜೋಳದ ಚೀಲದ ಪಕ್ಕ. ಮಳೆಗಾಲದ ತಂಪಿಗೆ ಟೇಪಿನ ಮೇಲೆ ಬಿಳಿ ಬೂಸ್ಟು ಬರುತ್ತದೆ, ಅಂಥದ್ದನ್ನು ಹಾಗೇ ಹಚ್ಚಿದರೆ ಹೆಡ್ಡೂ ಹೊಲಸು, ಟೇಪೂ ಹಾಳು.

ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಮಗೆ ಕೂಗಳತೆಯಲ್ಲಿದೆ, ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವೂ ಇದೆ. ಕ್ಯಾಸಿಯೋ ನುಡಿಸಿದ ಜಾತ್ರೆ ನಾಟಕದ ಕ್ಯಾಸೆಟ್ಟುಗಳನ್ನೂ ಇವು ತೆಗೆದುಕೊಳ್ಳಬೇಕು, ಲೇಬಲ್ಲಿನ ಮೇಲೆ ನುಡಿಸಿದವರ ಹೆಸರು ಬರೆಯಬೇಕು. ಲಿಂಕ್ ಕಳಿಸುವ ಗೆಳೆಯರಿಗೆ ನಮ್ಮದೊಂದು ಬೇರೆ ಕೆಲಸ ಇದೆ. ಮುಂದಿನ ಸಲ ಜಾತ್ರೆಗೆ ಬರುವಾಗ ಬೆಂಗಳೂರಿನ ಹಳೆ ಸಾಮಾನಿನ ಅಂಗಡಿಯಿಂದ ಚಾಲೂ ಇರುವ ಕ್ಯಾಸೆಟ್ ಡೆಕ್ಕೊಂದನ್ನು ಹುಡುಕಿ ತನ್ನಿ. ಬೆಲ್ಟು, ಪಿಂಚ್ ರೋಲರು ನೋಡಿ ಕೊಳ್ಳಿ. ಕಿನ್ನಾಳದ ಸುತ್ತ ನಾವು ಕೇಳಿಕೊಂಡು ಬಂದ ಮನೆಗಳಲ್ಲಿ ಕ್ಯಾಸೆಟ್ಟು ಇವೆ, ಹಚ್ಚಿ ಕೇಳಲು ಮಷೀನ್ ಒಂದೇ ಇದೆ. ಅದೂ ಒಂದು ಕಡೆಯ ಸ್ಪೀಕರು ಮಾತ್ರ ನುಡಿಯುತ್ತದೆ.